ಸೇತುವೆಯಿಲ್ಲದ ಹೊಳೆ: ಪೂರ್ವ ಲಂಡನ್ನಿನ ಸಾರಿಗೆ ಕೌತುಕಗಳು

ಸಾರಿಗೆಯಲ್ಲಿ ಆಸಕ್ತಿಯುಳ್ಳ ಎಲ್ಲ ಮಿತ್ರರಿಗೂ ನಮಸ್ಕಾರ.

ಲಂಡನ್ನಿಗೆ ಹೋಗುವ ನಮ್ಮವರ ಪಟ್ಟಿಯಲ್ಲಿ ಕೆಂಪು ಡಬಲ್ ಡೆಕ್ಕರ್ ಬಸ್ಸು, ಕಪ್ಪು ಟ್ಯಾಕ್ಸಿ, ನೆಲದಡಿಯ ರೈಲು ಈ ಮೂರು ತಪ್ಪದೆ ಇರುತ್ತವೆ. ಅವುಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಆ ನಗರದ ಪೂರ್ವ ಭಾಗವನ್ನು, ಅದರಲ್ಲೂ ಅಲ್ಲಿನವರು ಥೇಮ್ಸ್ ನದಿಯನ್ನು ದಾಟಲು ಇನ್ನೂರು ವರ್ಷಗಳಿಂದ ಮಾಡಿಕೊಂಡು ಬಂದಿರುವ ಏರ್ಪಾಡುಗಳನ್ನು. ಇವುಗಳಲ್ಲಿ ಹೆಚ್ಚಿನವು ಗಾಜಿನ ಪೆಟ್ಟಿಗೆಯಲ್ಲಿಟ್ಟ ವಸ್ತುಗಳಲ್ಲ. ಇಂದಿಗೂ ದಿನವೂ ಜನರನ್ನು ದಾಟಿಸುತ್ತಿರುವಂಥವು. ಅವುಗಳನ್ನು ನೋಡಲು ಬೇಕಾದದ್ದು ಸಾಮಾನ್ಯ ಪ್ರಯಾಣದ ಟಿಕೆಟ್ಟು ಮಾತ್ರ, ಕೆಲವಕ್ಕೆ ಅದೂ ಬೇಡ.

ಲಂಡನ್ನಿಗೆ ಹೋದ ಕನ್ನಡಿಗರಲ್ಲಿ ಹಲವರು ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯನ್ನು ನೋಡಿ ಬರುತ್ತಾರೆ. ಆ ದಂಡೆಯಲ್ಲಿ ನಡೆದವರಿಗೆ ವಾಕ್ಸ್‌ಹಾಲ್, ಲ್ಯಾಂಬೆತ್, ವೆಸ್ಟ್‌ಮಿನ್‌ಸ್ಟರ್ ಎಂದು ಒಂದರ ಹಿಂದೊಂದು ಸೇತುವೆಗಳು ಸಿಗುತ್ತವೆ. ಆದರೆ ಹೊಳೆಯ ಹರಿವಿನ ಜೊತೆಗೇ ಪೂರ್ವಕ್ಕೆ ಸಾಗಿ ಟವರ್ ಬ್ರಿಡ್ಜನ್ನು ದಾಟಿದರೆ, ಮುಂದೆ ಲಂಡನ್ ನಗರದ ಗಡಿ ಮುಗಿಯುವವರೆಗೂ ಥೇಮ್ಸಿನ ಮೇಲೆ ಒಂದು ಸೇತುವೆಯೂ ಇಲ್ಲ. ಮುಂದಿನದು ಊರಾಚೆಯ ಡಾರ್ಟ್‌ಫರ್ಡ್‌ನಲ್ಲಿ 1991ರಲ್ಲಿ ತೆರೆದದ್ದು. ಇದಕ್ಕೆ ಕಾರಣ ಬಂದರು. ಸಮುದ್ರದಿಂದ ಬರುವ ಹಡಗುಗಳು ತಮ್ಮ ಎತ್ತರದ ಪಟಸ್ತಂಭಗಳೊಡನೆ ಊರಿನ ನಡುವಿನವರೆಗೂ ಬರಬೇಕಾಗಿದ್ದುದರಿಂದ, ಅವುಗಳ ದಾರಿಗೆ ಅಡ್ಡವಾಗಿ ತಗ್ಗಿನ ಸೇತುವೆ ಕಟ್ಟುವಂತಿರಲಿಲ್ಲ. ಹಡಗಿಗೂ ತೊಂದರೆಯಾಗಬಾರದು, ಜನರೂ ದಾಟಬೇಕು ಎಂಬ ಈ ಇಕ್ಕಟ್ಟಿನಿಂದಲೇ ಎಂಜಿನಿಯರುಗಳು ಹೊಳೆಯ ಕೆಳಗೆ, ಹೊಳೆಯ ಮೇಲೆ, ಕೊನೆಗೆ ಗಾಳಿಯಲ್ಲೂ ದಾರಿ ಹುಡುಕಿದರು.

ಮೊದಲನೆಯದು ಥೇಮ್ಸ್ ಸುರಂಗ. ಹಡಗು ಓಡಾಡುವ ನದಿಯೊಂದರ ತಳದಲ್ಲಿ ಜಗತ್ತಿನಲ್ಲೇ ಮೊದಲು ಕೊರೆದ ಸುರಂಗವಿದು. ಫ್ರಾನ್ಸಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಮಾರ್ಕ್ ಬ್ರೂನೆಲ್ 1825ರಲ್ಲಿ ರಾದರ್‌ಹೈತ್ ದಂಡೆಯಲ್ಲಿ ಕೆಲಸ ಆರಂಭಿಸಿದರು. ಬಾವಿ ತೋಡಿ ಇಟ್ಟಿಗೆ ಕಟ್ಟುವ ಬದಲು, ನೆಲದ ಮೇಲೆಯೇ ಸುಮಾರು 15 ಮೀಟರ್ ಅಗಲದ ಇಟ್ಟಿಗೆಯ ದುಂಡು ಗೋಪುರವನ್ನು ಕಟ್ಟಿ, ಒಳಗಿನ ಮಣ್ಣು ತೆಗೆಯುತ್ತ ಅದು ತನ್ನ ಭಾರಕ್ಕೇ ನೆಲದೊಳಗೆ ಇಳಿಯುವಂತೆ ಮಾಡಿದರು. ಅಲ್ಲಿಂದ ಮುಂದೆ ಅಡ್ಡಕ್ಕೆ ಕೊರೆಯಲು ಅವರು ರೂಪಿಸಿದ್ದು 36 ಗೂಡುಗಳ ಕಬ್ಬಿಣದ ಚೌಕಟ್ಟು. ಒಂದೊಂದು ಗೂಡಿನಲ್ಲಿ ಒಬ್ಬೊಬ್ಬ ಕಾರ್ಮಿಕ ನಿಂತು ತನ್ನೆದುರಿನ ಹಲಗೆಯನ್ನು ತೆಗೆದು, ಅಲ್ಲಿನ ಮಣ್ಣನ್ನು ಕೆಲವು ಇಂಚು ಕೆತ್ತಿ, ಹಲಗೆಯನ್ನು ಮತ್ತೆ ಮುಂದಕ್ಕೆ ಒತ್ತಿ ನಿಲ್ಲಿಸುತ್ತಿದ್ದ. ಚೌಕಟ್ಟು ಮುಂದೆ ಸರಿದಂತೆ ಹಿಂದಿನಿಂದ ಗಾರೆಯವರು ಇಟ್ಟಿಗೆಯ ಕಮಾನು ಕಟ್ಟುತ್ತ ಬರುತ್ತಿದ್ದರು. ಇಂದು ಬೆಂಗಳೂರಿನ ಮೆಟ್ರೊ ಸುರಂಗಗಳನ್ನು ಕೊರೆಯುವ ಯಂತ್ರಗಳ ಮೂಲ ತತ್ತ್ವವೂ ಇದೇ, ಕೊರೆಯುವಾಗ ಕುಸಿಯಬಹುದಾದ ಮಣ್ಣನ್ನು ಗುರಾಣಿಯೊಂದರಿಂದ ತಡೆದುಕೊಳ್ಳುವುದು.

ಕೆಲಸ ಸಲೀಸಾಗಿ ಸಾಗಲಿಲ್ಲ. 1827ರಲ್ಲಿ ಹೊಳೆ ಒಳನುಗ್ಗಿತು. 1828ರ ಜನವರಿಯಲ್ಲಿ ಮತ್ತೆ ನುಗ್ಗಿದಾಗ ಆರು ಮಂದಿ ಸತ್ತರು. ಮಾರ್ಕ್ ಬ್ರೂನೆಲರ ಮಗ, ಮುಂದೆ ತಂದೆಗಿಂತಲೂ ಹೆಸರಾದ ಇಸಂಬಾರ್ಡ್, ಕೂದಲೆಳೆಯಲ್ಲಿ ಪಾರಾದರು. ಹಣವೂ ಮುಗಿದು ಏಳು ವರ್ಷ ಕೆಲಸ ನಿಂತಿತು. ಕೊನೆಗೆ 1843ರಲ್ಲಿ ಸುರಂಗ ತೆರೆದಾಗ, ಗಾಡಿಗಳು ಇಳಿದು ಹತ್ತಲು ಬೇಕಾದ ಇಳಿಜಾರುಗಳಿಗೆ ದುಡ್ಡಿರಲಿಲ್ಲ. ಸರಕು ಸಾಗಣೆಗೆಂದು ಕಟ್ಟಿದ ದಾರಿ ಹೀಗೆ ತಲೆಗೊಂದು ಪೆನ್ನಿ ಕೊಟ್ಟು ನಡೆದು ನೋಡುವ ತಾಣವಾಯಿತು. ಕಮಾನುಗಳ ನಡುವೆ ಅಂಗಡಿಗಳೂ ಎದ್ದವು. ಲಾಭ ಮಾತ್ರ ಬರಲಿಲ್ಲ. ರೈಲ್ವೆ ಕಂಪನಿಯೊಂದು ಅದನ್ನು ಕೊಂಡು 1869ರಿಂದ ರೈಲು ಓಡಿಸಿತು. ಇಂದು ಅದರಲ್ಲಿ ಓಡುವುದು ಲಂಡನ್ ಓವರ್‌ಗ್ರೌಂಡಿನ ವಿಂಡ್‌ರಶ್ ಮಾರ್ಗ. ಆ ರೈಲಿನಲ್ಲಿ ಕುಳಿತಿರುವವರಲ್ಲಿ ಎಷ್ಟು ಮಂದಿಗೆ ತಾವು ದಾಟುತ್ತಿರುವುದೇನೆಂದು ತಿಳಿದಿರುತ್ತದೆಯೋ ಕಾಣೆ. ನೀವು ಮಾತ್ರ ವಾಪಿಂಗ್ ನಿಲ್ದಾಣದಲ್ಲಿ ಇಳಿದು ಪ್ಲಾಟ್‌ಫಾರ್ಮಿನ ದಕ್ಷಿಣ ತುದಿಗೆ ಹೋಗಿ ನಿಲ್ಲಬೇಕು. ಕುದುರೆ ಲಾಳದ ಆಕಾರದ ಜೋಡಿ ಕಮಾನುಗಳು ಎದುರಿಗೇ ಕಾಣುತ್ತವೆ. ಎದುರು ದಂಡೆಯ ರಾದರ್‌ಹೈತ್‌ನಲ್ಲಿ ಬ್ರೂನೆಲ್ ಮ್ಯೂಸಿಯಂ ಇದೆ, ಚಿಕ್ಕದು. ನೆಲದೊಳಗೆ ಇಳಿಸಿದ ಆ ಇಟ್ಟಿಗೆಯ ಗೋಪುರ ಇರುವುದೂ ಅಲ್ಲಿಯೇ.

ಎರಡನೆಯ ಪ್ರಯತ್ನ ಟವರ್ ಸಬ್‌ವೇ. 1870ರಲ್ಲಿ ತೆರೆದ ಈ ಕಿರಿದಾದ ಕೊಳವೆಯಲ್ಲಿ ಹನ್ನೆರಡು ಮಂದಿ ಕೂರುವ ಒಂದೇ ಒಂದು ಡಬ್ಬಿಯನ್ನು ಹಗ್ಗದಿಂದ ಎಳೆದು ಆಚೆ ದಡಕ್ಕೆ ಒಯ್ಯುತ್ತಿದ್ದರು. ಕಂಪನಿ ಕೆಲವೇ ತಿಂಗಳಲ್ಲಿ ದಿವಾಳಿಯಾಯಿತು, ಕೊಳವೆ ಕಾಲುದಾರಿಯಾಯಿತು, ಬಳಿಕ ನೀರಿನ ಪೈಪುಗಳ ಪಾಲಾಯಿತು. ಟವರ್ ಹಿಲ್‌ನಲ್ಲಿ ಲಂಡನ್ ಟವರ್ ಕೋಟೆಯ ಟಿಕೆಟ್ ಕೌಂಟರುಗಳ ಹತ್ತಿರವಿರುವ ಒಂದು ದುಂಡು ಕಟ್ಟಡವಷ್ಟೇ ಈಗ ಅದರ ಗುರುತು. ಪ್ರವಾಸಿಗರು ಅದಕ್ಕೆ ಒರಗಿ ನಿಂತು ಪಕ್ಕದ ಕೋಟೆಯ ಫೋಟೊ ತೆಗೆದುಕೊಳ್ಳುತ್ತಾರೆ.

ಆ ಕೊಳವೆಯ ವ್ಯಾಪಾರವನ್ನು ಪೂರ್ತಿ ಮುಗಿಸಿದ್ದು 1894ರಲ್ಲಿ ತೆರೆದ ಟವರ್ ಬ್ರಿಡ್ಜ್. ಇದರ ಚಿತ್ರವನ್ನು ಎಲ್ಲರೂ ನೋಡಿರುತ್ತಾರೆ, ಆದ್ದರಿಂದ ಒಂದು ಸಲಹೆಯನ್ನಷ್ಟೇ ಕೊಡುತ್ತೇನೆ. ಹಡಗುಗಳಿಗಾಗಿ ನಡುವಿನ ಎರಡು ಭಾಗಗಳು ಮೇಲೆದ್ದು ಈ ಸೇತುವೆ ಈಗಲೂ ವರ್ಷಕ್ಕೆ ಸುಮಾರು 800 ಸಲ ತೆರೆದುಕೊಳ್ಳುತ್ತದೆ, ಯಾವ ದಿನ ಎಷ್ಟು ಗಂಟೆಗೆ ಎಂಬುದನ್ನು ಮುಂಚಿತವಾಗಿಯೇ ಪ್ರಕಟಿಸುತ್ತಾರೆ. ಒಂದು ದಿನ ಮುಂಚೆ ತಿಳಿಸಿದರೆ ಎತ್ತರದ ಹಡಗಿಗೆ ಶುಲ್ಕವಿಲ್ಲದೆ ದಾರಿ ಬಿಡಬೇಕೆಂಬ ನಿಯಮವಿರುವುದರಿಂದ, ಹಾಯಿದೋಣಿಯೊಂದಕ್ಕಾಗಿ ಬಸ್ಸುಗಳ ಸಾಲು ಕಾದು ನಿಲ್ಲುವುದನ್ನು ಅಲ್ಲಿ ನೋಡಬಹುದು. 1952ರ ಡಿಸೆಂಬರ್ 30ರಂದು 78ನೇ ನಂಬರಿನ ಬಸ್ಸು ಸೇತುವೆಯ ಮೇಲಿರುವಾಗಲೇ ಅದರ ಒಂದು ಭಾಗ ಏಳತೊಡಗಿತು. ಚಾಲಕ ಆಲ್ಬರ್ಟ್ ಗಂಟರ್ ಬ್ರೇಕ್ ಒತ್ತುವ ಬದಲು ವೇಗ ಹೆಚ್ಚಿಸಿ, ಇನ್ನೂ ಏಳದಿದ್ದ ಎದುರು ಭಾಗದ ಮೇಲಕ್ಕೆ ಬಸ್ಸನ್ನು ಹಾರಿಸಿದರು. ಅವರಿಗೆ ಸಿಕ್ಕ ಬಹುಮಾನ ಹತ್ತು ಪೌಂಡು. ನನಗೆ ಅದು ಕಡಿಮೆಯಾಯಿತೆಂದೇ ತೋರುತ್ತದೆ.

ಇಲ್ಲಿಂದ ಮುಂದೆ ಹೋಗಲು ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆಯನ್ನು ಹಿಡಿಯಿರಿ. 1987ರಲ್ಲಿ ಆರಂಭವಾದ ಈ ರೈಲುಗಳನ್ನು ಕಂಪ್ಯೂಟರು ನಡೆಸುತ್ತದೆ. ಸಿಬ್ಬಂದಿಯೊಬ್ಬರು ಒಳಗಿದ್ದರೂ ಅವರು ಸಾಮಾನ್ಯವಾಗಿ ಮುಂದೆ ಕೂರುವುದಿಲ್ಲವಾದ್ದರಿಂದ ಚಾಲಕನ ಜಾಗ ಪ್ರಯಾಣಿಕರಿಗೇ ಸಿಗುತ್ತದೆ. ಅದಕ್ಕಾಗಿ ಮಕ್ಕಳೊಡನೆ ಪೈಪೋಟಿ ನಡೆಸಬೇಕಾಗುತ್ತದೆ ಎಂಬುದೊಂದೇ ಕಷ್ಟ. ಹಳೆಯ ಹಡಗುಕಟ್ಟೆಗಳ ನಡುವೆ ಎತ್ತರದಲ್ಲಿ ಸಾಗಿ ಐಲಂಡ್ ಗಾರ್ಡನ್ಸ್‌ನಲ್ಲಿ ಇಳಿದರೆ ಗ್ರೀನಿಚ್ ಕಾಲ್ನಡಿಗೆ ಸುರಂಗದ ಗಾಜಿನ ಗುಮ್ಮಟ ಹತ್ತಿರದಲ್ಲೇ ಇದೆ.

1902ರಲ್ಲಿ ತೆರೆದ ಈ ಸುರಂಗದ ಉದ್ದ ಸುಮಾರು 370 ಮೀಟರ್. ದಕ್ಷಿಣ ದಂಡೆಯಲ್ಲಿ ವಾಸಿಸುತ್ತ ಉತ್ತರದ ಹಡಗುಕಟ್ಟೆಗಳಲ್ಲಿ ಕೂಲಿ ಮಾಡುತ್ತಿದ್ದವರು ಅಲ್ಲಿಯವರೆಗೆ ದೋಣಿಗೆ ದುಡ್ಡು ತೆತ್ತು, ಮಂಜು ಕವಿದ ದಿನ ಕೆಲಸ ಕಳೆದುಕೊಳ್ಳುತ್ತಿದ್ದರು. ತಾನೂ ಬಂದರಿನಲ್ಲಿ ದುಡಿದಿದ್ದ ಕಾರ್ಮಿಕ ನಾಯಕ ವಿಲ್ ಕ್ರೂಕ್ಸ್ ಪಟ್ಟು ಹಿಡಿದದ್ದರಿಂದ ಇದು ಸಾಧ್ಯವಾಯಿತು. ಕಾಸು ಕೊಡಬೇಕಿಲ್ಲ, ಹಗಲಿರುಳೂ ತೆರೆದಿರುತ್ತದೆ. ಒಳಗೆಲ್ಲ ಬಿಳಿ ಹೊಳಪಿನ ಟೈಲ್ಸ್. ನಡುವಿನತ್ತ ನೆಲ ಇಳಿಯುತ್ತ ಹೋಗಿ ಮತ್ತೆ ಏರುತ್ತದೆ. ಉತ್ತರ ತುದಿಯಲ್ಲಿ ಒಂದಿಷ್ಟು ದೂರ ಕೊಳವೆ ಇದ್ದಕ್ಕಿದ್ದಂತೆ ಸಣ್ಣದಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನಿಂದ ಹಾನಿಯಾದ ಭಾಗಕ್ಕೆ ಒಳಗಿನಿಂದ ಕಬ್ಬಿಣದ ದಪ್ಪ ಹೊದಿಕೆ ತೊಡಿಸಿದ್ದೇ ಅದಕ್ಕೆ ಕಾರಣ. ಲಿಫ್ಟು ಕೆಟ್ಟಿರುವ ದಿನ ನೂರರಷ್ಟು ಮೆಟ್ಟಿಲು ಹತ್ತಬೇಕಾದೀತು, ಮಂಡಿನೋವಿರುವವರು ಮೊದಲೇ ವಿಚಾರಿಸಿಕೊಳ್ಳುವುದು ಮೇಲು.

ಗ್ರೀನಿಚ್‌ನಿಂದ ಸ್ವಲ್ಪ ಆಚೆ 2012ರಲ್ಲಿ ಬಂದ ಕೇಬಲ್ ಕಾರ್ ಇದೆ, ಸುಮಾರು 90 ಮೀಟರ್ ಎತ್ತರದವರೆಗೆ ಏರುತ್ತದೆ. ನೋಟ ಚೆನ್ನ. ಆದರೆ ಅದನ್ನು ನಿತ್ಯದ ಓಡಾಟಕ್ಕೆ ಬಳಸುವವರು ವಿರಳ. ಅದು ಹುಟ್ಟಿನಿಂದಲೂ ಪ್ರವಾಸಿಗರದೇ ವಾಹನ, ಹಾಗಾಗಿ ನನ್ನ ಲೆಕ್ಕದಲ್ಲಿ ಅದಕ್ಕೆ ಕೊನೆಯ ಸ್ಥಾನ. ಅದರ ಹತ್ತಿರವೇ 2025ರ ಏಪ್ರಿಲ್‌ನಲ್ಲಿ ತೆರೆದ ಸಿಲ್ವರ್‌ಟೌನ್ ಸುರಂಗದಲ್ಲಿ ಸೈಕಲ್ ಸವಾರರನ್ನು ಸೈಕಲ್ ಸಮೇತ ಹತ್ತಿಸಿಕೊಂಡು ಆಚೆಗೆ ಬಿಡುವ ಬಸ್ಸು ಶುರುವಾಯಿತು. ಆಸಕ್ತರಿಗೆ ಅದು ಹೆಚ್ಚು ರುಚಿಸಬಹುದು.

ಇಡೀ ಸುತ್ತಾಟದಲ್ಲಿ ಹೆಚ್ಚು ಸಮಯ ಇಟ್ಟುಕೊಳ್ಳಬೇಕಾದ ಜಾಗ ವುಲಿಚ್. ಇಲ್ಲಿ 1889ರಿಂದ ಉಚಿತ ದೋಣಿ ನಡೆಯುತ್ತಿದೆ. ಉಚಿತವಾದದ್ದಕ್ಕೆ ಹಿನ್ನೆಲೆಯಿದೆ: ಪಶ್ಚಿಮ ಲಂಡನ್ನಿನ ಸೇತುವೆಗಳ ಸುಂಕವನ್ನು ಸಾರ್ವಜನಿಕ ಹಣ ಕೊಟ್ಟು ತೆಗೆದುಹಾಕಿದಾಗ, ಅದೇ ತೆರಿಗೆ ಕಟ್ಟುತ್ತಿದ್ದ ಪೂರ್ವದವರು ತಮಗೇನು ಸಿಕ್ಕಿತೆಂದು ಕೇಳಿದರು. ಅದಕ್ಕೆ ಸಿಕ್ಕ ಉತ್ತರ ಈ ದೋಣಿ. ಸಿಗಂದೂರಿನ ಲಾಂಚಿನಲ್ಲಿ ವಾಹನಗಳ ಜೊತೆ ನಿಂತು ಶರಾವತಿ ಹಿನ್ನೀರನ್ನು ದಾಟಿದವರಿಗೆ ಇದರ ಕ್ರಮ ಪರಿಚಿತವೆನಿಸುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ನಗರವನ್ನು ಬಳಸುವ ಉತ್ತರ ಮತ್ತು ದಕ್ಷಿಣದ ವರ್ತುಲ ರಸ್ತೆಗಳನ್ನು ಒಂದುಗೂಡಿಸುವ ಕೊಂಡಿಯೇ ದೋಣಿ, ಆದ್ದರಿಂದ ದೊಡ್ಡ ಲಾರಿಗಳೂ ಸಾಲಿನಲ್ಲಿರುತ್ತವೆ. 1963ರವರೆಗೂ ಉಗಿಯಿಂದ ಓಡುವ ದೋಣಿಗಳಿದ್ದವು. ಈಗಿನ ಎರಡು 2019ರಲ್ಲಿ ಬಂದವು.

ದೋಣಿ ನಿಲ್ಲುವ ಮಂಜಿನ ದಿನಗಳಿಗೆಂದು 1912ರಲ್ಲಿ ಪಕ್ಕದಲ್ಲೇ ಇನ್ನೊಂದು ಕಾಲ್ನಡಿಗೆ ಸುರಂಗವನ್ನು ತೆರೆದರು. ಗ್ರೀನಿಚ್‌ನದಕ್ಕಿಂತ ಇದು ಉದ್ದ, ಸುಮಾರು 500 ಮೀಟರ್; ಜನಸಂಚಾರ ಮಾತ್ರ ಕಡಿಮೆ. 2009ರಲ್ಲಿ ಡಾಕ್‌ಲ್ಯಾಂಡ್ಸ್ ರೈಲು ಹೊಳೆಯ ಕೆಳಗಿನಿಂದ ವುಲಿಚ್ ಆರ್ಸೆನಲ್ ತಲುಪಿತು. 2022ರಲ್ಲಿ ಎಲಿಜಬೆತ್ ರೈಲು ಮಾರ್ಗವೂ ತನ್ನದೇ ಸುರಂಗದಲ್ಲಿ ಬಂದು ವುಲಿಚ್‌ನಲ್ಲಿ ನಿಂತಿತು. ಹೀಗೆ ಒಂದೇ ಊರಿನ ಬಳಿ, ನಡೆದೇ ಸುತ್ತಬಹುದಾದ ಅಂತರದೊಳಗೆ, ಬೇರೆ ಬೇರೆ ಕಾಲದ ನಾಲ್ಕು ದಾಟುದಾರಿಗಳಿವೆ. ನನ್ನ ಶಿಫಾರಸು ಇದು: ವುಲಿಚ್‌ನಿಂದ ದೋಣಿಯಲ್ಲಿ ಉತ್ತರಕ್ಕೆ ಹೋಗಿ, ಕಾಲ್ನಡಿಗೆ ಸುರಂಗದಲ್ಲಿ ಹಿಂದಿರುಗಿ, ಡಾಕ್‌ಲ್ಯಾಂಡ್ಸ್ ರೈಲಿನ ಮುಂದಿನ ಸೀಟಿನಲ್ಲಿ ಕುಳಿತು ಹೊಳೆಯಾಚೆಯ ಕಿಂಗ್ ಜಾರ್ಜ್ ದಿ ಫಿಫ್ತ್ ನಿಲ್ದಾಣದವರೆಗೆ ಹೋಗಿ ಬನ್ನಿ, ಆಮೇಲೆ ಎಲಿಜಬೆತ್ ಮಾರ್ಗದ ರೈಲು ಹತ್ತಿ ನಗರಕ್ಕೆ ಮರಳಿ. ದೋಣಿಯನ್ನು ಮೊದಲಿಗೇ ಇಟ್ಟುಕೊಳ್ಳಿ. ಸಂಜೆಗೆ ನಿಂತುಹೋಗುವುದು, ಗಾಳಿಗೂ ಮಂಜಿಗೂ ತಪ್ಪಿಹೋಗುವುದು ಅದೊಂದೇ.