ಅಜ್ಜನ ಮಳೆ ಡೈರಿ ಮತ್ತು ಕಾಲೇಜಿನ ಅರ್ಜಿ

ಮಕ್ಕಳೇ, ಈ ಮಳೆಯಲ್ಲೂ ಅವರ ಜೊತೆ ಮಡಿಕೇರಿವರೆಗೆ ಬಂದ ಅಪ್ಪ ಅಮ್ಮಂದಿರೇ, ನಮಸ್ಕಾರ. ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವುದು ಹೇಗೆ ಅಂತ ಇವತ್ತು ಮಾತಾಡೋಣ.

ನಮ್ಮ ಸಿಇಟಿ ಲೆಕ್ಕ ಸರಳ. ಇಂಜಿನಿಯರಿಂಗ್‌ಗೆ ಅರ್ಧ ಪಿಯುಸಿ ಅಂಕ, ಅರ್ಧ ಸಿಇಟಿ ಅಂಕ. ಸಂಜೆ ಹೊತ್ತು ಮನೆಯಲ್ಲಿ ಏನು ಮಾಡುತ್ತೀಯಾ ಅಂತ ಯಾರೂ ಕೇಳುವುದಿಲ್ಲ. ಹಾರ್ವರ್ಡ್, ಎಂಐಟಿಯಂಥ ಕಡೆ ಅದನ್ನೂ ಕೇಳುತ್ತಾರೆ.

ಹಾಗಂತ ಅಂಕ ಬೇಡ ಅಂತಲ್ಲ. ಎಂಐಟಿ 2022ರಲ್ಲಿ ಎಸ್‌ಎಟಿಯಂಥ ಪ್ರವೇಶ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. ಆದರೆ ಅಲ್ಲಿ ಅರ್ಜಿ ಹಾಕುವವರಲ್ಲಿ ಒಳ್ಳೆ ಅಂಕದವರೇ ಜಾಸ್ತಿ. ಅಂಕ ಗೇಟು ದಾಟಿಸುತ್ತದೆ, ಅಷ್ಟೇ.

ಅಲ್ಲಿನ ಹಲವು ಕಾಲೇಜುಗಳಿಗೆ ಒಂದೇ ನಮೂನೆಯಲ್ಲಿ ಹಾಕುವ, ಕಾಮನ್ ಆ್ಯಪ್ ಅನ್ನುವ ಅರ್ಜಿಯಲ್ಲಿ ಪಾಠದ ಹೊರಗಿನ ಕೆಲಸ ಹೇಳಲು 10 ಜಾಗ ಇರುತ್ತದೆ. ಒಂದೊಂದರ ವಿವರಕ್ಕೆ 150 ಅಕ್ಷರ ಮಾತ್ರ. ನಮ್ಮ ಮಕ್ಕಳು ಎಡವುವುದು ಇಲ್ಲೇ. ಒಂದು ದಿನದ ಶಿಬಿರ, ದುಡ್ಡು ಕೊಟ್ಟು ತಂದ ಸರ್ಟಿಫಿಕೇಟು, ಹೀಗೆ ಹತ್ತನ್ನೂ ಸುಮ್ನೆ ತುಂಬಿಸುತ್ತಾರೆ. ಓದುವವರಿಗೆ ಗೊತ್ತಾಗುತ್ತೆ, ಅಲ್ವಾ?

ನಮ್ಮಲ್ಲಿ ತೋಟದ ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ಎದ್ದು ಮಳೆ ಅಳೆದು, ಇಂಚು, ಸೆಂಟಿನ (ಇಂಚಿನ ನೂರರಲ್ಲಿ ಒಂದು ಪಾಲು) ಲೆಕ್ಕದಲ್ಲಿ ಡೈರಿಗೆ ಬರೆಯುತ್ತಾರೆ. ಒಬ್ಬ ಹುಡುಗಿ ತನ್ನ ಅಜ್ಜನ ಡೈರಿಗಳನ್ನೆಲ್ಲ ಕೂತು ಕಂಪ್ಯೂಟರಿಗೆ ಹಾಕಿದಳು ಅಂದುಕೊಳ್ಳಿ. ಯಾವ ವರ್ಷ ಕಾಫಿ ಹೂ ಅರಳಿಸುವ ಹೂ ಮಳೆ ಯಾವತ್ತು ಬಿತ್ತು, ಆ ವರ್ಷ ಎಷ್ಟು ಮೂಟೆ ಕಾಫಿ ಆಯಿತು ಅಂತ ಹೋಲಿಸಿದಳು. ಪಕ್ಕದ ತೋಟದವರ ಡೈರಿಯನ್ನೂ ಕೇಳಿ ತಂದಳು. ಮೂರು ವರ್ಷ ಬಿಡದೆ ಮಾಡಿದಳು. 2018ರ ಆಗಸ್ಟ್‌ನಲ್ಲಿ ಕೆಲವು ಪುಟ ಖಾಲಿ ಇದ್ದವು. ಯಾಕಜ್ಜ ಅಂತ ಕೇಳಿದಳು. ಗುಡ್ಡ ಕುಸಿದ ಆ ವಾರ ಅಜ್ಜ ಗಂಜಿ ಕೇಂದ್ರದಲ್ಲಿದ್ದರು. ಅರ್ಜಿಯ ಜೊತೆ ಬರೆಯುವ 650 ಪದಗಳ ಪ್ರಬಂಧಕ್ಕೆ ಆ ಖಾಲಿ ಪುಟ ಸಾಕು.

ಪ್ರಬಂಧವನ್ನು ದೊಡ್ಡವರು ತಿದ್ದಬೇಡಿ. ನನ್ನ ತಂಗಿಯ ಮಗಳದ್ದನ್ನು ನಾನೇ ತಿದ್ದಿ ಕೆಡಿಸಿದ್ದೇನೆ. ಭಾರೀ ಇಂಗ್ಲಿಷ್ ತುರುಕಿದ್ದೆ. ನಿವೃತ್ತ ಹೆಡ್‌ಮಾಸ್ಟರ್ ಬರೆದ ಹಾಗಾಯಿತು!

ಮೇಷ್ಟ್ರ ಶಿಫಾರಸು ಪತ್ರವೂ ಬೇಕು. ನಮ್ಮಲ್ಲಿ ಎಲ್ಲರಿಗೂ ಒಂದೇ ಪತ್ರ: ವಿಧೇಯ, ಶ್ರಮಜೀವಿ. ಅದರಿಂದ ಉಪಯೋಗವಿಲ್ಲ. ಕ್ಲಾಸಲ್ಲಿ ನೀವು ಕೇಳಿದ ಒಂದು ಪ್ರಶ್ನೆ ನೆನಪಿರುವ ಮೇಷ್ಟ್ರನ್ನು ಹಿಡಿಯಿರಿ. ಎರಡು ತಿಂಗಳು ಮೊದಲೇ ಹೇಳಿ.

ದುಡ್ಡಿನ ಚಿಂತೆ ಅಪ್ಪಂದಿರ ಮುಖದಲ್ಲೇ ಕಾಣುತ್ತಿದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಇವು ವಿದೇಶಿ ಮಕ್ಕಳ ಅರ್ಜಿಯನ್ನೂ ಫೀಸು ಕಟ್ಟುವ ಶಕ್ತಿ ನೋಡದೆ ಓದುತ್ತವೆ. ಸೀಟು ಕೊಟ್ಟರೆ, ಮನೆಯವರ ಕೈಲಾಗದ ಪಾಲನ್ನು ತಾವೇ ಹಾಕುತ್ತವೆ. ಎಲ್ಲ ಕಾಲೇಜೂ ಹೀಗಲ್ಲ, ಮೊದಲೇ ವಿಚಾರಿಸಿ.

ಬೇಗ ಹಾಕುವ ಅರ್ಜಿಗೆ ಹಲವು ಕಡೆ ನವೆಂಬರ್ 1 ಕೊನೆ ದಿನ. ಆಮೇಲೆ ಬರುವ ಹುತ್ತರಿ ಹಬ್ಬ ಮುಗಿಯಲಿ ಅಂತ ಕಾದರೆ ತಪ್ಪಿಹೋಗುತ್ತದೆ. ಈಗ ಪ್ರಶ್ನೆ ಕೇಳಿ. ಕಾಫಿ ಬರುವವರೆಗೆ ನಾನು ಇಲ್ಲೇ ಇರುತ್ತೇನೆ.