ಕೈಗಳು ಕಾಣಿಸಿದ ಹಬ್ಬ

ನಮಸ್ಕಾರ. ಈಗ ಪರದೆಯ ಮೇಲೆ ನೀವು ನೋಡುತ್ತಿರುವುದು ಕಳೆದ ವರ್ಷ ಹಬ್ಬದ ದಿನ ನಮ್ಮ ಮನೆಯಲ್ಲಿ ನಾನು ಚಿತ್ರೀಕರಿಸಿದ ದೃಶ್ಯಗಳು. ಹೊಸ ಬಟ್ಟೆಯ ಚೀಲಗಳು, ಇನ್ನೂ ಬಿಚ್ಚದ ಉಡುಗೊರೆಯ ಪೆಟ್ಟಿಗೆಗಳು, ಗೋಡೆಯುದ್ದಕ್ಕೂ ಇಳಿಬಿಟ್ಟ ದೀಪದ ಸರಗಳು. ಎಲ್ಲ ಸೇರಿ ಸುಮಾರು 40 ನಿಮಿಷಗಳಷ್ಟಿವೆ. ಈ ವರ್ಷದ ವಿಡಿಯೊ ಸಿದ್ಧಪಡಿಸುವ ಮುನ್ನ ಹಳೆಯದನ್ನೊಮ್ಮೆ ನೋಡೋಣವೆಂದು ಕುಳಿತಾಗ, ಇಷ್ಟು ದಿನ ಗಮನಿಸದಿದ್ದ ಒಂದು ಸಂಗತಿ ಕಣ್ಣಿಗೆ ಬಿದ್ದಿತು. ಆ 40 ನಿಮಿಷಗಳಲ್ಲಿ ನಮ್ಮ ಅತ್ತೆಯವರ ಮುಖ ಎಲ್ಲಿಯೂ ಪೂರ್ತಿಯಾಗಿ ಕಾಣುವುದಿಲ್ಲ. ಒಂದು ಕಡೆ ಅಡುಗೆಮನೆಯ ಬಾಗಿಲಿನಾಚೆ ಅವರ ಬೆನ್ನು ಸರಿದು ಹೋಗುತ್ತದೆ. ಇನ್ನೊಂದು ಕಡೆ, ಮಗಳು ಉಡುಗೊರೆ ಬಿಚ್ಚುವ ದೃಶ್ಯದ ಅಂಚಿನಲ್ಲಿ, ನೆಲದ ಮೇಲೆ ಚೆಲ್ಲಿದ ಕಾಗದದ ಚೂರುಗಳನ್ನು ಆಯುವ ಒಂದು ಕೈ ಮಾತ್ರ ಬಂದು ಹೋಗುತ್ತದೆ. ಆ ಕೈ ಯಾರದೆಂದು ನನಗೆ ಗೊತ್ತಿತ್ತು. ಆದರೆ ಕ್ಯಾಮೆರಾವನ್ನು ಅತ್ತ ತಿರುಗಿಸಬೇಕೆಂದು ಆಗ ಅನ್ನಿಸಿರಲಿಲ್ಲ.

ಈ ವರ್ಷದ ಹಬ್ಬ ಬೇರೆ ರೀತಿಯಲ್ಲಿ ಬಂದಿತು. ಎಂಟು ತಿಂಗಳ ಹಿಂದೆ ನಮ್ಮ ಯಜಮಾನರ ಕೆಲಸ ಹೋಯಿತು. ಆಮೇಲೆ ಸಿಕ್ಕ ಸಣ್ಣಪುಟ್ಟ ಕೆಲಸಗಳ ಸಂಪಾದನೆ ಮತ್ತು ನನ್ನ ಸಂಬಳ ಎರಡೂ ಸೇರಿ ಬಾಡಿಗೆ, ಶಾಲೆಯ ಶುಲ್ಕ ಮತ್ತು ಮಾವನವರ ಔಷಧಿಗೆ ಸರಿಹೋಗುತ್ತಿದ್ದವು. ಕೆಲವು ತಿಂಗಳು ಅದೂ ಸರಿಹೋಗುತ್ತಿರಲಿಲ್ಲ. ಇದರ ಮೇಲೆ, ಈಗ ತಾನೇ ನೀವು ಪರದೆಯಲ್ಲಿ ನೋಡಿದ ಆ ಪೆಟ್ಟಿಗೆಗಳಲ್ಲಿ ಅರ್ಧದಷ್ಟನ್ನು ನಾವು ಕಂತಿನ ಮೇಲೆ ಕೊಂಡಿದ್ದೆವು. ಹಬ್ಬ ಮುಗಿದು, ಅದರ ನೆನಪೂ ಮಸುಕಾದ ಮೇಲೆ, ಯಜಮಾನರ ಸಂಬಳವೇ ಇಲ್ಲದ ತಿಂಗಳುಗಳಲ್ಲಿಯೂ ಕಂತು ಮಾತ್ರ ತಪ್ಪದೆ ಬರುತ್ತಲೇ ಇತ್ತು. ಹಾಗಾಗಿ, ಈ ಬಾರಿ ಹಬ್ಬಕ್ಕೆಂದು ಒಂದು ಪೈಸೆಯನ್ನೂ ಸಾಲ ಮಾಡಬಾರದೆಂದು ನಾವಿಬ್ಬರೂ ಮೊದಲೇ ತೀರ್ಮಾನಿಸಿದೆವು. ತೀರ್ಮಾನ ಮಾಡುವುದು ಸುಲಭವಾಗಿತ್ತು. ಅದನ್ನು ಮನೆಯವರಿಗೆ ಹೇಳುವುದು ಕಷ್ಟವಾಗಿತ್ತು.

ಒಂದು ರಾತ್ರಿ ನೋಟ್‌ಪುಸ್ತಕ ಹಿಡಿದು ಹಬ್ಬದ ಖರ್ಚಿನ ಪಟ್ಟಿ ಬರೆಯಲು ಕುಳಿತೆ. ಬರೆದದ್ದಕ್ಕಿಂತ ಹೊಡೆದು ಹಾಕಿದ್ದೇ ಹೆಚ್ಚು. ಹೊಸ ಬಟ್ಟೆ ಎಂಬ ಸಾಲನ್ನು ಹೊಡೆದು, ಮತ್ತೆ ಬರೆದು, ಕೊನೆಗೆ ಮಗಳ ಹೆಸರಿನ ಮುಂದಿದ್ದದ್ದನ್ನೂ ಹೊಡೆದು ಹಾಕಿದಾಗ ಪೆನ್ನು ಕೆಳಗಿಟ್ಟುಬಿಟ್ಟೆ. ಆ ದಿನಗಳಲ್ಲಿ ನನಗೆ ಯಾರ ಮೇಲೂ ಪ್ರೀತಿಯಿಂದ ಗಮನವಿಡಲು ಆಗುತ್ತಿರಲಿಲ್ಲ. ಯಾರಾದರೂ ಮಾತನಾಡಿಸಿದರೆ ಅರ್ಧ ಕೇಳಿ, ಉಳಿದರ್ಧದಲ್ಲಿ ಲೆಕ್ಕ ಹಾಕುತ್ತಿದ್ದೆ. ಇದು ನನ್ನ ಸ್ವಭಾವದ ದೋಷವೆಂದೇ ನಂಬಿದ್ದೆ. ಆಮೇಲೆ ಒಂದು ಅಧ್ಯಯನದ ಬಗ್ಗೆ ಓದಿದೆ. ಆನಂದಿ ಮಣಿ, ಸೆಂಥಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್ ಮತ್ತು ಜಿಯಾಯಿಂಗ್ ಝಾವೊ ಎಂಬ ಸಂಶೋಧಕರು ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ, ಅಂದರೆ ಕೈಯಲ್ಲಿ ಹಣವಿಲ್ಲದ ದಿನಗಳಲ್ಲಿ ಒಮ್ಮೆ, ಕಟಾವಿನ ನಂತರ ಹಣ ಬಂದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ, ಅದರ ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿದರು. ಅದೇ ರೈತರು, ಗಮನ ಮತ್ತು ತರ್ಕವನ್ನು ಅಳೆಯುವ ಅದೇ ಬಗೆಯ ಪರೀಕ್ಷೆ. ಆದರೂ ಕಟಾವಿಗೆ ಮುಂಚೆ ಅವರ ಫಲಿತಾಂಶ ಕಡಿಮೆಯಿತ್ತು. ಹಣದ ಚಿಂತೆ ಮನಸ್ಸಿನ ಒಂದು ಭಾಗವನ್ನೇ ಆಕ್ರಮಿಸಿಕೊಂಡು ಕೂರುತ್ತದೆ ಎಂಬುದು ಸಂಶೋಧಕರ ವಿವರಣೆ. ಅದನ್ನು ಓದಿದಾಗ ನನಗಾದ ಸಮಾಧಾನವನ್ನು ಹೇಳಲು ಮಾತು ಸಾಲದು. ಕಷ್ಟದಲ್ಲಿರುವವರಿಗೆ "ಇದ್ದುದರಲ್ಲಿ ತೃಪ್ತಿಪಡು" ಎಂದು ಬುದ್ಧಿ ಹೇಳುವ ಮೊದಲು, ತೃಪ್ತಿಪಡಲು ಬೇಕಾದ ನೆಮ್ಮದಿಯೇ ಅವರ ಬಳಿ ಉಳಿದಿರುವುದಿಲ್ಲ ಎಂಬುದನ್ನು ಹೇಳುವವರು ಅರಿಯಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಹಾಗಾದರೆ ಕೃತಜ್ಞತೆ ಎಲ್ಲಿಂದ ಬರಬೇಕು? ನಾನು ಮೊದಲು ಮಾಡಿದ ಪ್ರಯತ್ನ ಸೋತಿತು. ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲ್ಲೊ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಅದರಲ್ಲಿ ವಿದ್ಯಾರ್ಥಿಗಳ ಒಂದು ಗುಂಪು 10 ವಾರಗಳ ಕಾಲ, ವಾರಕ್ಕೊಮ್ಮೆ, ತಾವು ಕೃತಜ್ಞರಾಗಿರುವ ಐದು ಸಂಗತಿಗಳವರೆಗೆ ಬರೆದಿಟ್ಟಿತು. ಇನ್ನೊಂದು ಗುಂಪು ಆ ವಾರದ ಕಿರಿಕಿರಿಗಳನ್ನು ಬರೆಯಿತು. ಮೊದಲ ಗುಂಪಿನವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಒಳ್ಳೆಯ ಭಾವನೆ ಇತ್ತು. ನಾನೂ ಅದೇ ನೋಟ್‌ಪುಸ್ತಕದ ಹಿಂಬದಿಯಲ್ಲಿ ಬರೆಯತೊಡಗಿದೆ: ಆರೋಗ್ಯವಿದೆ, ತಲೆಯ ಮೇಲೆ ಸೂರಿದೆ, ಮಗಳು ಓದುತ್ತಿದ್ದಾಳೆ. ಬರೆದದ್ದೆಲ್ಲ ನಿಜ. ಆದರೂ ಅದನ್ನು ಓದಿದರೆ ಯಾವುದೋ ಅರ್ಜಿಯನ್ನು ಭರ್ತಿ ಮಾಡಿದಂತಿತ್ತು. ಮನಸ್ಸು ಸ್ವಲ್ಪವೂ ಹಗುರವಾಗಲಿಲ್ಲ.

ಆಗ ಆ ಪದವೇ ನನ್ನನ್ನು ತಡೆದು ನಿಲ್ಲಿಸಿತು. ಕೃತ ಎಂದರೆ ಮಾಡಲ್ಪಟ್ಟದ್ದು. ಜ್ಞ ಎಂದರೆ ಬಲ್ಲವನು. ಯಾರೋ ಮಾಡಿದ್ದನ್ನು ಬಲ್ಲವನು ಕೃತಜ್ಞ. ಇರುವುದು ಎಷ್ಟು ಎಂದು ಎಣಿಸುವ ಮಾತೇ ಈ ಪದದಲ್ಲಿ ಇಲ್ಲ. ಯಾರು ಏನು ಮಾಡಿದರು ಎಂಬುದನ್ನು ತಿಳಿದಿರಬೇಕೆಂಬುದಷ್ಟೇ ಇದೆ. ಮರುದಿನದಿಂದ ನಾನು ಒಂದು ನಿಯಮ ಇಟ್ಟುಕೊಂಡೆ. ಬರೆಯುವ ಪ್ರತಿ ಸಾಲಿನಲ್ಲಿಯೂ ಒಬ್ಬ ವ್ಯಕ್ತಿ ಇರಬೇಕು, ಆ ವ್ಯಕ್ತಿ ಮಾಡಿದ ಒಂದು ಕೆಲಸ ಇರಬೇಕು. ಹಾಗೆ ಬರೆಯಲು, ಮನೆಯಲ್ಲಿ ಯಾರು ಏನು ಮಾಡುತ್ತಿದ್ದಾರೆಂದು ನಿಂತು ನೋಡಲೇಬೇಕಾಯಿತು.

ಈಗ ಬರುವ ದೃಶ್ಯವನ್ನು ಹಾಗೆ ನಿಂತು ನೋಡಿದಾಗಲೇ ಸೆರೆಹಿಡಿದೆ. ಅತ್ತೆಯವರ ಮಡಿಲಲ್ಲಿರುವುದು ಮಗಳ ಕಳೆದ ವರ್ಷದ ನೀಲಿ ಫ್ರಾಕ್. ಮಗಳು ಬೆಳೆದು ಅದು ಮೊಣಕಾಲಿನ ಮೇಲಕ್ಕೆ ಏರಿಬಿಟ್ಟಿತ್ತು. ಅತ್ತೆಯವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಬ್ಲೇಡಿನ ಮೂಲೆಯಿಂದ ಅಂಚಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತಿದ್ದಾರೆ. ಬಟ್ಟೆಗೆ ಬ್ಲೇಡು ತಾಗದಂತೆ ಎಡಗೈಯ ಹೆಬ್ಬೆರಳನ್ನು ಹೇಗೆ ಅಡ್ಡ ಇಟ್ಟಿದ್ದಾರೆ ನೋಡಿ. ಮಡಚಿ ಹೊಲಿದಿದ್ದ ಅಂಚು ಬಿಚ್ಚಿಕೊಂಡಾಗ, ಒಳಗೆ ಮೂರು ಬೆರಳಿನಷ್ಟು ಅಗಲಕ್ಕೆ, ಬಿಸಿಲನ್ನೂ ಸಾಬೂನನ್ನೂ ಕಾಣದ, ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೆಯೇ ಇರುವ ಗಾಢ ನೀಲಿಯ ಪಟ್ಟಿಯೊಂದು ಹೊರಬಂದಿತು. ಮೇಲಿನ ಬಟ್ಟೆ ಒಗೆದು ಒಗೆದು ಎಷ್ಟು ಮಾಸಿದೆಯೆಂಬುದು ಅದರ ಪಕ್ಕದಲ್ಲಿಟ್ಟಾಗಲೇ ನನಗೆ ತಿಳಿದದ್ದು. ಎರಡು ನೀಲಿಗಳ ನಡುವೆ ಹಳೆಯ ಮಡಿಕೆಯ ಗೆರೆ ಎದ್ದು ಕಾಣುತ್ತಿತ್ತು. ಅತ್ತೆಯವರು ಆ ಗೆರೆಯ ಮೇಲೆ ಬೆರಳಾಡಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಹೋಗಿ ತಮ್ಮ ಹೊಲಿಗೆಯ ಡಬ್ಬಿಯಿಂದ ಬಿಳಿ ಲೇಸಿನ ತುಂಡೊಂದನ್ನು ತಂದರು. ಗೆರೆಯ ಉದ್ದಕ್ಕೂ ಅದನ್ನು ಕೈಯಿಂದಲೇ ಹೊಲಿದು ಮುಗಿಸಲು ಅವರಿಗೆ ಎರಡು ಸಂಜೆ ಹಿಡಿಯಿತು.

ಮಗಳಿಗೆ ಏಳು ವರ್ಷ. ಈ ಸಲ ಹೊಸ ಬಟ್ಟೆ ಇಲ್ಲವೆಂದು ಅವಳಿಗೆ ನಾವು ಮೊದಲೇ ಹೇಳಿದ್ದೆವು. ಹೇಳದೆ ಮುಚ್ಚಿಡುವುದು ಪ್ರೀತಿಯೆಂದು ನಾನು ಹಿಂದೆ ತಿಳಿದಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಏಕೆಂದರೆ ದೊಡ್ಡವರ ಮುಖದಲ್ಲಿ ಆತಂಕ ಕಂಡು ಕಾರಣ ತಿಳಿಯದ ಮಗು, ತಾನೇ ಏನೋ ತಪ್ಪು ಮಾಡಿದೆನೆಂದು ಭಾವಿಸಿಕೊಳ್ಳುತ್ತದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, "ಅಪ್ಪನಿಗೆ ಕೆಲಸ ಸಿಕ್ಕ ಮೇಲೆ ತರೋಣ" ಎಂದಳು. ಆದರೂ ಲೇಸು ಹೊಲಿಯುವ ಎರಡು ಸಂಜೆಯೂ ಅಜ್ಜಿಯ ಪಕ್ಕ ಬಿಟ್ಟು ಕದಲಲಿಲ್ಲ. ಸೂಜಿಗೆ ದಾರ ಪೋಣಿಸಿ ಕೊಡುವ ಕೆಲಸ ಅವಳದಾಯಿತು. ಕಳೆದ ವರ್ಷದ ಫ್ರಾಕ್ ಎಲ್ಲಿಂದ ಬಂದಿತೆಂದು ಅವಳನ್ನು ಕೇಳಿದ್ದರೆ, ಪೆಟ್ಟಿಗೆಯಿಂದ ಎನ್ನುತ್ತಿದ್ದಳೇನೋ. ಈಗ ಅದರ ಅಂಚಿನ ಪ್ರತಿ ಹೊಲಿಗೆಯೂ ಯಾವ ಕೈಯಿಂದ ಬಂದಿತೆಂದು ಅವಳು ಬಲ್ಲಳು.

ನನ್ನ ಮೈದುನ ಬೇರೆ ಊರಿನಲ್ಲಿದ್ದಾನೆ. ಅವನ ವ್ಯಾಪಾರವೂ ಈ ವರ್ಷ ನೆಲಕಚ್ಚಿತು. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಫೋನ್ ಮಾಡಿ, "ಈ ಸಲ ಬರುವುದಕ್ಕೆ ಆಗುವುದಿಲ್ಲ ಅತ್ತಿಗೆ, ಕೆಲಸವಿದೆ" ಎಂದ. ಕೆಲಸವಿಲ್ಲವೆಂದು ನಮಗಿಬ್ಬರಿಗೂ ಗೊತ್ತಿತ್ತು. ನಾನು ಫೋನನ್ನು ಅತ್ತೆಯವರ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತಿನ ನಂತರ ಅವನು ನಿಜ ಹೇಳಿರಬೇಕು, ಮಗುವಿಗೂ ಏನೂ ತಾರದೆ ಬರಿಗೈಯಲ್ಲಿ ಹೇಗೆ ಬರಲಿ ಎಂದು. ಅತ್ತೆಯವರ ಉತ್ತರ ಮಾತ್ರ ನನಗೆ ಕೇಳಿಸಿತು: "ಬರಿಗೈಯಾದರೆ ಏನಾಯಿತಪ್ಪಾ, ಕೈ ಬರುತ್ತದಲ್ಲ. ಇಲ್ಲಿ ಕೆಲಸ ಬೇಕಾದಷ್ಟಿದೆ, ಬಾ."

ಅವನು ಬಂದ. ಬಂದವನು ಎರಡು ತಿಂಗಳಿಂದ ತೊಟ್ಟಿಕ್ಕುತ್ತಿದ್ದ ಅಡುಗೆಮನೆಯ ನಲ್ಲಿಯನ್ನು ಬಿಚ್ಚಿ, ಹಳೆಯ ವಾಷರ್ ತೆಗೆದು ಹೊಸದನ್ನು ಹಾಕಿದ. ಮುಚ್ಚಿದರೆ ತೆರೆಯದ, ತೆರೆದರೆ ಮುಚ್ಚದ ಕೋಣೆಯ ಬಾಗಿಲನ್ನು ಉಜ್ಜಿ ಸರಿಪಡಿಸಿದ. ಹಬ್ಬದ ಹಿಂದಿನ ರಾತ್ರಿ ಅಣ್ಣ ತಮ್ಮ ಇಬ್ಬರೂ ಹೊಸ್ತಿಲ ಬಳಿ ಕುಳಿತು, ಕಳೆದ ವರ್ಷದ ದೀಪದ ಸರದಲ್ಲಿ ಕೆಟ್ಟುಹೋದ ಬಲ್ಬುಗಳನ್ನು ಒಂದೊಂದಾಗಿ ಹುಡುಕಿ ತೆಗೆಯುತ್ತಿದ್ದ ದೃಶ್ಯ ಇದು. ಇಬ್ಬರಿಗೂ ಆ ವರ್ಷ ಆದ ನಷ್ಟದ ಮಾತು ಮೊದಲ ಬಾರಿ ಹೊರಬಂದದ್ದು ಆಗಲೇ. ಧ್ವನಿಯನ್ನು ನಾನು ತೆಗೆದಿದ್ದೇನೆ, ಏಕೆಂದರೆ ಅದು ಅವರಿಬ್ಬರದು. ಎಂಟು ತಿಂಗಳು ನನ್ನೊಡನೆಯೂ ಮನಸ್ಸು ಬಿಚ್ಚದಿದ್ದ ಯಜಮಾನರು, ಮಡಿಲಲ್ಲಿ ತಂತಿ ಹರಡಿಕೊಂಡು ತಲೆ ತಗ್ಗಿಸಿ ಮಾತನಾಡುತ್ತಿರುವುದನ್ನು ದೂರದಿಂದ ಕಂಡಾಗ, ಆ ಸರ ಪೂರ್ತಿ ಬೆಳಗದಿದ್ದರೂ ಚಿಂತೆಯಿಲ್ಲ ಎಂದುಕೊಂಡೆ. ಮಧ್ಯದಲ್ಲಿ ಒಂದು ಮೊಳದಷ್ಟು ಇಂದಿಗೂ ಕತ್ತಲಾಗಿಯೇ ಇದೆ.

ಕಷ್ಟ ಹಬ್ಬವನ್ನು ಸುಂದರವಾಗಿಸಿತೆಂದು ನಾನು ಹೇಳಲಾರೆ. ಹಬ್ಬದ ಮರುದಿನ ಬೆಳಿಗ್ಗೆ ಬಾಡಿಗೆಯ ಚಿಂತೆ ಇದ್ದಲ್ಲಿಯೇ ಇತ್ತು; ಯಜಮಾನರು ಮತ್ತೊಂದು ಸಂದರ್ಶನಕ್ಕೆ ಹೋಗಿ ಬಂದರು, ಉತ್ತರ ಇನ್ನೂ ಬಂದಿಲ್ಲ. ಹಣ ಬಂದರೆ ಮಗಳಿಗೆ ಹೊಸ ಬಟ್ಟೆ ತರುತ್ತೇನೆ, ಸಂತೋಷದಿಂದ ತರುತ್ತೇನೆ. ಆದರೆ ಕಳೆದ ವರ್ಷ ಕೊಂಡು ತಂದ ವಸ್ತುಗಳ ರಾಶಿಯ ಹಿಂದೆ ಮರೆಯಾಗಿದ್ದ ಮನುಷ್ಯರು, ಈ ವರ್ಷ ಆ ರಾಶಿ ಇಲ್ಲದ ಕಾರಣ ನನ್ನ ಕಣ್ಣಿಗೆ ಬಿದ್ದರು ಎಂಬುದಂತೂ ನಿಜ. ನೋಟ್‌ಪುಸ್ತಕದ ಹಿಂಬದಿಯಲ್ಲಿ ಈಗ 11 ಪುಟಗಳು ತುಂಬಿವೆ. ಅತ್ತೆಯವರ ಹೆಸರಿರುವ ಸಾಲುಗಳನ್ನು ಹಬ್ಬದ ರಾತ್ರಿ ಅವರಿಗೇ ಓದಿ ಹೇಳಿದೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾನು ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರು ಏನೂ ಹೇಳದೆ, ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಎದ್ದು ಮಾವನವರಿಗೆ ಮಾತ್ರೆ ಕೊಡಲು ಹೋದರು.

ಇದು ಈ ವರ್ಷದ ಕೊನೆಯ ದೃಶ್ಯ. ಇದನ್ನು ಚಿತ್ರೀಕರಿಸಿದವಳು ಮಗಳು. ಆದ್ದರಿಂದ ಚಿತ್ರ ಸ್ವಲ್ಪ ಅಲುಗಾಡುತ್ತದೆ. ಅತ್ತೆಯವರು ಅಡುಗೆಮನೆಯ ಬಾಗಿಲಿನಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದಾರೆ. ಕ್ಯಾಮೆರಾ ತಮ್ಮತ್ತ ತಿರುಗಿದ್ದು ಕಂಡು, ಅಭ್ಯಾಸದಂತೆ ಪಕ್ಕಕ್ಕೆ ಸರಿಯುತ್ತಾರೆ. "ಅಜ್ಜೀ, ಸರೀಬೇಡಿ, ನಿಮ್ಮನ್ನೇ ತೆಗೀತಿರೋದು" ಎನ್ನುತ್ತಾಳೆ ಮಗಳು. ಅವರು ನಂಬದವರಂತೆ ಹಿಂದೆ ತಿರುಗಿ, ಬೇರೆ ಯಾರಾದರೂ ಇದ್ದಾರೆಯೇ ಎಂದು ನೋಡುತ್ತಾರೆ. ಆಮೇಲೆ ಮತ್ತೆ ಬಾಗಿಲಿನ ನಡುವೆ ಬಂದು ನಿಲ್ಲುತ್ತಾರೆ. ಈ ತುಣುಕನ್ನು ನಾನು ಎಲ್ಲಿಯೂ ಕತ್ತರಿಸಿಲ್ಲ.