ಮತ್ತೆ ಮತ್ತೆ ಗರ್ಭಪಾತ ಆಗ್ತಿದ್ದರೆ ಯಾವ ಪರೀಕ್ಷೆ ಬೇಕು, ಯಾವುದು ಬೇಡ

[ಪರದೆ: ಶೀರ್ಷಿಕೆ ಮಾತ್ರ. ಹಿನ್ನೆಲೆ ಸಂಗೀತ ಇಲ್ಲ.]

ನಮಸ್ಕಾರ. ಎರಡನೇ ಸಲವೋ ಮೂರನೇ ಸಲವೋ ಸ್ಕ್ಯಾನಿಂಗ್ ರೂಮಿನಲ್ಲಿ "ಹಾರ್ಟ್‌ಬೀಟ್ ಕಾಣ್ತಿಲ್ಲ" ಅನ್ನೋ ಮಾತು ಕೇಳಿದವರಿಗಾಗಿ ಈ ವಿಡಿಯೋ. ಅದನ್ನ ಇದೇ ವಾರ ಕೇಳಿದ್ದೀರಿ, ಕ್ಲೀನಿಂಗ್ ಇನ್ನೂ ಆಗಿಲ್ಲ ಅಂದ್ರೆ, ಉಳಿದದ್ದನ್ನ ಆಮೇಲೆ ನೋಡಿ. ಈ ಮೊದಲ ಭಾಗವನ್ನ ಈಗಲೇ ಕೇಳಿ. ಕಾರಣ ತಿಳಿಯೋ ಅತಿ ದೊಡ್ಡ ಅವಕಾಶ ಹೊರಗೆ ಬರೋ ಆ ಅಂಗಾಂಶದಲ್ಲೇ ಇರುತ್ತೆ. ನಮ್ಮಲ್ಲಿ ಹೆಚ್ಚಿನ ಕಡೆ ಅದನ್ನ ಎಸೀತಾರೆ, ಇಲ್ಲ ಫಾರ್ಮಲಿನ್ ಅನ್ನೋ ರಾಸಾಯನಿಕದ ಬಾಟಲಿಗೆ ಹಾಕ್ತಾರೆ.

[ಪರದೆ: ಎರಡು ಡಬ್ಬಿ. ಒಂದರ ಮೇಲೆ "ಸಲೈನ್", ಇನ್ನೊಂದರ ಮೇಲೆ "ಫಾರ್ಮಲಿನ್".]

ಮೊದಲ ಮೂರು ತಿಂಗಳಲ್ಲಿ ಆಗೋ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ಕ್ರೋಮೋಸೋಮ್ ಸಂಖ್ಯೆ ತಪ್ಪಿರೋದು. ಒಂದು ಹೆಚ್ಚು ಬಂದಿರುತ್ತೆ, ಇಲ್ಲ ಒಂದು ಕಮ್ಮಿ. ಇದನ್ನ ನೋಡೋ ಪರೀಕ್ಷೆಯ ಹೆಸರು ಕ್ರೋಮೋಸೋಮಲ್ ಮೈಕ್ರೋಅರೇ. ಆಪರೇಷನ್‌ಗೆ ಮುಂಚೆಯೇ ಡಾಕ್ಟರ್ ಹತ್ತಿರ ಹೇಳಿ: "ಅಂಗಾಂಶವನ್ನ ಸ್ಟೆರೈಲ್ ಡಬ್ಬಿಯಲ್ಲಿ, ನಾರ್ಮಲ್ ಸಲೈನ್ ಹಾಕಿ, ಜೆನೆಟಿಕ್ ಲ್ಯಾಬ್‌ಗೆ ಕಳಿಸಿ." ಫಾರ್ಮಲಿನ್‌ನಲ್ಲಿ ಡಿಎನ್‌ಎ ಹಾಳಾಗುತ್ತೆ. ಅದು ಬೇಕಾಗೋದು ಸೂಕ್ಷ್ಮದರ್ಶಕದಲ್ಲಿ ನೋಡೋ ಹಿಸ್ಟೋಪೆಥಾಲಜಿಗೆ, ಅಂದ್ರೆ ಮೋಲಾರ್ ಗರ್ಭ (ಮಾಸು ಅಸಹಜವಾಗಿ ಬೆಳೆದದ್ದು) ಅಲ್ಲ ಅಂತ ಖಚಿತ ಮಾಡಿಕೊಳ್ಳೋದಕ್ಕೆ. ಅದೂ ಬೇಕು. ಹಾಗಾಗಿ ಡಬ್ಬಿ ಎರಡು. ಮನೆಯಲ್ಲೇ ಗರ್ಭಪಾತ ಆಗೋ ಸಾಧ್ಯತೆ ಇದ್ದರೆ ಮೆಡಿಕಲ್ ಶಾಪ್‌ನಿಂದ ಒಂದು ಸಲೈನ್ ಬಾಟಲಿ ತಂದಿಟ್ಟುಕೊಳ್ಳಿ. ಹೊರಬಂದ ಅಂಗಾಂಶವನ್ನ ಸಲೈನ್‌ನಲ್ಲಿ ಹಾಕಿ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ ಇಡಬಹುದು, ಫ್ರೀಜರ್‌ನಲ್ಲಿ ಬೇಡ. ಆದಷ್ಟು ಬೇಗ, ಮರುದಿನದೊಳಗೆ ಲ್ಯಾಬ್‌ಗೆ ತಲುಪಿಸಿ. ಹೀಗೆ ಎತ್ತಿಡೋದು ಎಷ್ಟು ಸಂಕಟದ ಕೆಲಸ ಅಂತ ಗೊತ್ತು. ಆಗಲ್ಲ ಅನಿಸಿದರೆ ಮನೆಯವರಲ್ಲಿ ಒಬ್ಬರಿಗೆ ಮೊದಲೇ ಹೇಳಿಡಿ.

ಇಲ್ಲಿ ಒಂದು ಎಡವಟ್ಟು ಪದೇ ಪದೇ ಆಗುತ್ತೆ. ಮೈಕ್ರೋಅರೇ ಬದಲು ಹಳೇ ಪದ್ಧತಿಯ, ಜೀವಕೋಶ ಬೆಳೆಸಿ ಕ್ರೋಮೋಸೋಮ್ ನೋಡೋ ಕ್ಯಾರಿಯೋಟೈಪ್‌ಗೆ ಕಳಿಸ್ತಾರೆ. ಅದಕ್ಕೆ ಜೀವಂತ ಜೀವಕೋಶ ಬೇಕು. ಬಡಿತ ನಿಂತು ದಿನಗಳಾಗಿದ್ದರೆ ಅವು ಬೆಳೆಯೋದೇ ಇಲ್ಲ. ಬದಲಿಗೆ ಜೊತೆಗೆ ಬಂದ ತಾಯಿಯ ಜೀವಕೋಶ ಬೆಳೆದು "46, ಎಕ್ಸ್‌ಎಕ್ಸ್, ನಾರ್ಮಲ್" ಅಂತ ರಿಪೋರ್ಟ್ ಬರುತ್ತೆ. ಅಂದ್ರೆ ಅದು ನಿಮ್ಮದೇ ರಿಪೋರ್ಟ್, ಮಗುವಿನದ್ದಲ್ಲ. ಅದಕ್ಕೇ ಸ್ಯಾಂಪಲ್ ಜೊತೆ ತಾಯಿಯ ರಕ್ತವನ್ನೂ ಇಡಿಟಿಎ ಟ್ಯೂಬ್‌ನಲ್ಲಿ, ಅದೇ ನೇರಳೆ ಮುಚ್ಚಳದ್ದು, ಎರಡು ಮೂರು ಎಂಎಲ್ ಕಳಿಸಬೇಕು. "ಮೆಟರ್ನಲ್ ಸೆಲ್ ಕಂಟಾಮಿನೇಷನ್ ನೋಡಿದ್ದಾರಾ?" ಅಂತ ಕೇಳಿ, ಅಂದ್ರೆ ತಾಯಿಯ ಜೀವಕೋಶ ಬೆರೆತಿದೆಯಾ ಅಂತ. ಈ ಸಾಲಿಲ್ಲದ ನಾರ್ಮಲ್ ಹೆಣ್ಣು ರಿಪೋರ್ಟನ್ನ ನಂಬೋದು ಕಷ್ಟ.

ರಿಪೋರ್ಟ್‌ನಲ್ಲಿ ಟ್ರೈಸೋಮಿ 16, ಟ್ರೈಸೋಮಿ 22 (ಆ ಕ್ರೋಮೋಸೋಮ್ ಒಂದು ಹೆಚ್ಚು), ಮಾನೋಸೋಮಿ ಎಕ್ಸ್ (ಎಕ್ಸ್ ಒಂದೇ ಇರೋದು) ಅಂತೇನಾದ್ರೂ ಬಂದರೆ ಆ ಗರ್ಭ ಯಾಕೆ ಉಳಿಯಲಿಲ್ಲ ಅನ್ನೋದಕ್ಕೆ ಉತ್ತರ ಸಿಕ್ಕಿತು. ಟ್ರೈಸೋಮಿ ಹೆಚ್ಚಾಗಿ ಅಂಡಾಣು ರೂಪುಗೊಳ್ಳುವಾಗ ಆದ ವಿಭಜನೆಯ ತಪ್ಪು. ವಯಸ್ಸು 35 ದಾಟಿದ ಮೇಲೆ ಹೆಚ್ಚಾಗ್ತಾ ಹೋಗುತ್ತೆ. ಪಪ್ಪಾಯಿ ತಿಂದಿದ್ದು, ಬಸ್ಸಿನಲ್ಲಿ ಊರಿಗೆ ಹೋಗಿದ್ದು, ಕೊಡ ಎತ್ತಿದ್ದು ಇದಕ್ಕೆ ಕಾರಣ ಆಗೋಕೆ ಸಾಧ್ಯವೇ ಇಲ್ಲ. ಮನೆಯಲ್ಲಿ ಯಾರಾದರೂ ಹಾಗೆ ಅಂದರೆ ಈ ರಿಪೋರ್ಟ್ ತೋರಿಸಿ. ಭ್ರೂಣ ನಾರ್ಮಲ್ ಇತ್ತು ಅಂತ ಬಂದರೆ ಮಾತ್ರ ತಾಯಿಯ ಕಡೆಯ ಕಾರಣಗಳನ್ನ ಇನ್ನಷ್ಟು ಗಟ್ಟಿಯಾಗಿ ಹುಡುಕಬೇಕು.

ಎಷ್ಟು ಗರ್ಭಪಾತ ಆದಮೇಲೆ ಪರೀಕ್ಷೆ? ಯುರೋಪಿನ ಸಂತಾನೋತ್ಪತ್ತಿ ತಜ್ಞರ ಇಎಸ್‌ಎಚ್‌ಆರ್‌ಇ ಸಂಸ್ಥೆ 2017ರಿಂದ ಎರಡು ಅಂತ ಹೇಳ್ತಿದೆ. ಬ್ರಿಟನ್ನಿನ ಸ್ತ್ರೀರೋಗ ತಜ್ಞರ ಸಂಸ್ಥೆ ಆರ್‌ಸಿಒಜಿ 2023ರ ಮಾರ್ಗಸೂಚಿಯಲ್ಲೂ ಮೂರು ಅಂತಲೇ ಇಟ್ಟುಕೊಂಡು, ಅನುಮಾನ ಇದ್ದರೆ ಎರಡಕ್ಕೇ ಶುರು ಮಾಡಿ ಅಂದಿದೆ. ನಮ್ಮ ಅಭಿಪ್ರಾಯ ಎರಡು. ಮೂರನೆಯದು ಆಗಲಿ ಅಂತ ಕಾಯಿಸೋದು ಸರಿಯಲ್ಲ.

[ಪರದೆ: ಲೂಪಸ್ ಆಂಟಿಕೋಯಾಗುಲಂಟ್ / ಆಂಟಿಕಾರ್ಡಿಯೋಲಿಪಿನ್ ಐಜಿಜಿ, ಐಜಿಎಂ / ಬೀಟಾ-2 ಗ್ಲೈಕೋಪ್ರೋಟೀನ್ ಐಜಿಜಿ, ಐಜಿಎಂ]

ತಾಯಿಯ ಕಡೆ ಅತಿ ಮುಖ್ಯವಾದದ್ದು ಎಪಿಎಲ್‌ಎ, ಅಂದ್ರೆ ಆಂಟಿಫಾಸ್ಫೋಲಿಪಿಡ್ ಆಂಟಿಬಾಡಿ. ರಕ್ತ ಹೆಪ್ಪುಗಟ್ಟೋ ಪ್ರವೃತ್ತಿ ಹೆಚ್ಚಿಸಿ, ಮಾಸು ಸರಿಯಾಗಿ ಬೇರೂರದ ಹಾಗೆ ಮಾಡೋ ಆಂಟಿಬಾಡಿಗಳು ಇವು. ಯಾಕೆ ಮುಖ್ಯ ಅಂದ್ರೆ, ಇದು ಸಿಕ್ಕರೆ ಚಿಕಿತ್ಸೆ ಇದೆ. ಪರದೆ ಮೇಲಿರೋ ಮೂರೂ ಬೇಕು. ಐಜಿಜಿ, ಐಜಿಎಂ ಅನ್ನೋದು ಆಂಟಿಬಾಡಿಯ ಎರಡು ಬಗೆ. ಬರೀ "ಆಂಟಿಫಾಸ್ಫೋಲಿಪಿಡ್ ಐಜಿಜಿ, ಐಜಿಎಂ" ಅಂತ ಎರಡು ಸಾಲಿನ ರಿಪೋರ್ಟ್ ಕೈಯಲ್ಲಿದ್ದರೆ ಪರೀಕ್ಷೆ ಪೂರ್ತಿ ಆಗಿಲ್ಲ. ಲೂಪಸ್ ಆಂಟಿಕೋಯಾಗುಲಂಟ್ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬ್‌ನಲ್ಲಿ ಆಗೋ ಬೇರೆಯದೇ ಪರೀಕ್ಷೆ.

ಯಾವಾಗ ಮಾಡಿಸಬೇಕು ಅನ್ನೋದರಲ್ಲೇ ಹೆಚ್ಚು ಜನ ಎಡವೋದು. ಗರ್ಭಪಾತ ಆಗಿ ಆರು ವಾರ ಬಿಟ್ಟು ಕೊಡಿ. ಹೆಪಾರಿನ್ ಇಂಜೆಕ್ಷನ್ ನಡೀತಿರುವಾಗ ಲೂಪಸ್ ಪರೀಕ್ಷೆ ತಪ್ಪು ತೋರಿಸಬಹುದು, ಲ್ಯಾಬ್‌ಗೆ ಹೇಳಲೇಬೇಕು. ಪಾಸಿಟಿವ್ ಬಂದರೆ ಅಲ್ಲಿಗೇ ಮುಗಿಯಲ್ಲ. ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಿಸಬೇಕು. ಯಾವುದೋ ಜ್ವರ, ಸೋಂಕು ಬಂದು ಹೋದಾಗಲೂ ಸ್ವಲ್ಪ ದಿನ ಪಾಸಿಟಿವ್ ಇರುತ್ತೆ. ಎರಡೂ ಸಲ ಪಾಸಿಟಿವ್ ಬಂದರೆ ಮಾತ್ರ ಎಪಿಎಲ್‌ಎ ತೊಂದರೆ ಅಂತ ಹೆಸರು ಅಂಟಿಸಬೇಕು.

ಖಚಿತವಾದರೆ ದಿನಕ್ಕೆ 75 ಎಂಜಿ ಆಸ್ಪಿರಿನ್ ಮತ್ತು ಹೊಟ್ಟೆಯ ಚರ್ಮದಡಿ ಹೆಪಾರಿನ್, ಸಾಮಾನ್ಯವಾಗಿ ಎನಾಕ್ಸಾಪರಿನ್ 40 ಎಂಜಿ. ತೂಕ, ಕಿಡ್ನಿ ನೋಡಿ ಡಾಕ್ಟರ್ ಪ್ರಮಾಣ ಬದಲಿಸ್ತಾರೆ. 1997ರಲ್ಲಿ ಲಂಡನ್‌ನಲ್ಲಿ 90 ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ ಬರೀ ಆಸ್ಪಿರಿನ್ ತಗೊಂಡವರಲ್ಲಿ 42%, ಎರಡೂ ತಗೊಂಡವರಲ್ಲಿ 71% ಜನರಿಗೆ ಮಗು ಕೈಗೆ ಬಂತು.

ಇದೇ ಕಾರಣಕ್ಕೆ ಈಗ ಎಪಿಎಲ್‌ಎ ಇಲ್ಲದವರಿಗೂ "ಇರಲಿ, ಒಳ್ಳೇದು" ಅಂತ ಹೆಪಾರಿನ್ ಬರೆಯೋದು ಶುರುವಾಗಿದೆ. ಇದರಿಂದ ಲಾಭ ಇಲ್ಲ. ಕಾರಣ ಗೊತ್ತಿಲ್ಲದ ಗರ್ಭಪಾತಗಳಲ್ಲಿ ಆಸ್ಪಿರಿನ್, ಹೆಪಾರಿನ್ ಕೆಲಸ ಮಾಡಲ್ಲ ಅಂತ 2010ರಲ್ಲೇ ತಿಳಿದಿತ್ತು. ಫ್ಯಾಕ್ಟರ್ ಫೈವ್ ಲೈಡನ್ ತರಹದ, ಹುಟ್ಟಿನಿಂದ ಬರೋ ಹೆಪ್ಪುಗಟ್ಟೋ ತೊಂದರೆ ಇದ್ದವರನ್ನ 2023ರ ಅಲೈಫ್-2 ಅಧ್ಯಯನ ನೋಡಿತು: ಇಂಜೆಕ್ಷನ್ ತಗೊಂಡವರಲ್ಲಿ 72%, ತಗೊಳ್ಳದವರಲ್ಲಿ 71% ಜನರಿಗೆ ಮಗು ಕೈಗೆ ಬಂತು. ಎಂಟು ಒಂಬತ್ತು ತಿಂಗಳು ದಿನಾ ಹೊಟ್ಟೆಗೆ ಚುಚ್ಚಿಕೊಂಡು, ದುಡ್ಡೂ ಕಳೆದುಕೊಂಡು ಸಿಗೋದು ಇಷ್ಟೇ.

ಗರ್ಭ ನಿಲ್ಲೋಕೆ ಬೇಕಾದ ಹಾರ್ಮೋನ್ ಪ್ರೊಜೆಸ್ಟರಾನ್ ವಿಷಯ ಸ್ವಲ್ಪ ಸೂಕ್ಷ್ಮ. ಮೂರು ಅಥವಾ ಹೆಚ್ಚು ಸಲ ಕಳೆದುಕೊಂಡವರಿಗೆಲ್ಲ ಗರ್ಭದ ಶುರುವಿನಲ್ಲೇ ಕೊಟ್ಟು ನೋಡಿದ 2015ರ ಪ್ರಾಮಿಸ್ ಅಧ್ಯಯನದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಬರಲಿಲ್ಲ. ಆದರೆ 2019ರ ಪ್ರಿಸಂ ಅಧ್ಯಯನ ಗರ್ಭಿಣಿಯಾದ ಮೇಲೆ ರಕ್ತಸ್ರಾವ ಕಂಡವರನ್ನ ನೋಡಿತು. ಅವರಲ್ಲಿ ಮೂರು ಅಥವಾ ಹೆಚ್ಚು ಗರ್ಭಪಾತ ಆಗಿದ್ದವರಿಗೆ ಪ್ರೊಜೆಸ್ಟರಾನ್ ಕೊಟ್ಟಾಗ 72%, ಕೊಡದಿದ್ದಾಗ 57% ಜನರಿಗೆ ಮಗು ಕೈಗೆ ಬಂತು. ಇದು ದೊಡ್ಡ ಅಂತರ. ಹಾಗಾಗಿ ಹಿಂದೆ ಗರ್ಭಪಾತ ಆಗಿದ್ದು, ಈಗ ಸ್ಪಾಟಿಂಗ್ ಕಂಡರೆ ಅದೇ ದಿನ ಡಾಕ್ಟರ್‌ಗೆ ಫೋನ್ ಮಾಡಿ. ಅಧ್ಯಯನದಲ್ಲಿ ಕೊಟ್ಟದ್ದು 400 ಎಂಜಿ, ದಿನಕ್ಕೆ ಎರಡು ಸಲ, ಯೋನಿಯ ಮೂಲಕ, 16 ವಾರದವರೆಗೆ.

ಗರ್ಭಕೋಶದ ಆಕಾರ ನೋಡೋಕೆ 3ಡಿ ಟ್ರಾನ್ಸ್‌ವಜೈನಲ್ ಸ್ಕ್ಯಾನ್ ಮಾಡಿಸಿ. ಮಾಮೂಲಿ ಸ್ಕ್ಯಾನ್‌ನಲ್ಲಿ ಸೆಪ್ಟೇಟ್, ಬೈಕಾರ್ನುಯೇಟ್ ಎರಡೂ ಒಂದೇ ತರ ಕಾಣಬಹುದು. ಮೊದಲನೆಯದರಲ್ಲಿ ಒಳಗೊಂದು ಪರದೆ, ಎರಡನೆಯದರಲ್ಲಿ ಗರ್ಭಕೋಶವೇ ಮೇಲ್ಭಾಗದಲ್ಲಿ ಕವಲೊಡೆದಿರುತ್ತೆ. ಆ ಕವಲನ್ನ ಸೆಪ್ಟಂ, ಅಂದ್ರೆ ಒಳಪರದೆ, ಅಂದುಕೊಂಡು ಕತ್ತರಿಸೋಕೆ ಹೋದರೆ ಅಪಾಯ. ಸೆಪ್ಟಂ ತೆಗೆದರೂ ಲಾಭ ಎಷ್ಟು ಅನ್ನೋದು ಇನ್ನೂ ಚರ್ಚೆಯಲ್ಲಿದೆ, ಎರಡನೇ ಅಭಿಪ್ರಾಯ ಕೇಳದೆ ಒಪ್ಪಬೇಡಿ. ನಾಲ್ಕು, ಐದನೇ ತಿಂಗಳಲ್ಲಿ ನೋವೇ ಇಲ್ಲದೆ ಗರ್ಭ ಜಾರಿದ್ದರೆ ಅದು ಬೇರೆ ಕಥೆ. ಗರ್ಭಕೊರಳು ದುರ್ಬಲ ಇರಬಹುದು. ಅಂಥವರಿಗೆ ಮುಂದಿನ ಸಲ ಕೊರಳಿನ ಉದ್ದ ಅಳೀತಾ ಹೋಗಬೇಕು, ಹೊಲಿಗೆ ಬೇಕಾಗಬಹುದು.

ಟಿಎಸ್‌ಎಚ್ (ಥೈರಾಯ್ಡ್) ಮತ್ತು ಎಚ್‌ಬಿಎ1ಸಿ (ಸಕ್ಕರೆ) ಅಗ್ಗದ ಪರೀಕ್ಷೆಗಳು, ಮಾಡಿಸಿ. ಗಂಡ ಹೆಂಡತಿ ಇಬ್ಬರ ಕ್ಯಾರಿಯೋಟೈಪ್‌ನಲ್ಲಿ ನೂರು ದಂಪತಿಗಳಲ್ಲಿ ಎರಡರಿಂದ ಐದು ಜೋಡಿಗಳ ಒಬ್ಬರಲ್ಲಿ ಬ್ಯಾಲೆನ್ಸ್ಡ್ ಟ್ರಾನ್ಸ್‌ಲೊಕೇಷನ್, ಅಂದ್ರೆ ಕ್ರೋಮೋಸೋಮ್ ತುಂಡುಗಳು ಜಾಗ ಬದಲಿಸಿಕೊಂಡಿರೋದು, ಸಿಗುತ್ತೆ. ಇದ್ದವರಿಗೂ ಸಹಜವಾಗಿ ಆರೋಗ್ಯವಂತ ಮಗು ಆಗೋ ಸಾಧ್ಯತೆ ಚೆನ್ನಾಗೇ ಇರುತ್ತೆ. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆ ಆದವರು ಗಮನಿಸಿ: ರಕ್ತಸಂಬಂಧದಿಂದ ಬರೋ ರೆಸೆಸಿವ್ ಕಾಯಿಲೆಗಳು, ಅಂದ್ರೆ ಅಪ್ಪ ಅಮ್ಮ ಇಬ್ಬರಿಂದಲೂ ದೋಷದ ಜೀನ್ ಬಂದಾಗ ಆಗೋವು, ಕ್ಯಾರಿಯೋಟೈಪ್‌ನಲ್ಲಿ ಕಾಣಲ್ಲ. ಹಿಂದಿನ ಗರ್ಭದಲ್ಲಿ ಮಗುವಿಗೆ ಮೈತುಂಬ ನೀರು ತುಂಬಿತ್ತು, ಅಂಗಾಂಗ ದೋಷ ಇತ್ತು ಅಂದಿದ್ದರೆ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ.

[ಪರದೆ: "ಬೇಡ": ಟಾರ್ಚ್ / ಎನ್‌ಕೆ ಸೆಲ್ (ರೋಗನಿರೋಧಕ ಕಣ) / ಎಂಟಿಎಚ್‌ಎಫ್‌ಆರ್ (ಒಂದು ಜೀನ್ ಪರೀಕ್ಷೆ) / ಲಿಂಫೋಸೈಟ್ (ಬಿಳಿ ರಕ್ತಕಣ) ಚಿಕಿತ್ಸೆ]

ರುಬೆಲ್ಲಾ ತರಹದ ಕೆಲವು ಸೋಂಕುಗಳನ್ನ ಒಟ್ಟಿಗೆ ನೋಡೋ ಟಾರ್ಚ್ ಪರೀಕ್ಷೆ ಈಗಲೂ ಎಲ್ಲರಿಗೂ ಬರೀತಾರೆ. ಅದರಲ್ಲಿ ಐಜಿಜಿ ಪಾಸಿಟಿವ್ ಅಂದ್ರೆ ಯಾವಾಗಲೋ ಸೋಂಕು ಬಂದು ಹೋಗಿದೆ ಅಂತ ಅಷ್ಟೇ, ಅದಕ್ಕೆ ಮಾತ್ರೆ ಬೇಡ. ರುಬೆಲ್ಲಾ ಐಜಿಜಿ ನೆಗೆಟಿವ್ ಬಂದರೆ ಮಾತ್ರ ಉಪಯೋಗ: ಲಸಿಕೆ ಹಾಕಿಸಿ ಒಂದು ತಿಂಗಳು ಗರ್ಭ ಧರಿಸದೆ ಇರಿ. ಗಂಡನ ಬಿಳಿ ರಕ್ತಕಣ ತೆಗೆದು ಹೆಂಡತಿಗೆ ಚುಚ್ಚೋ ಚಿಕಿತ್ಸೆಯನ್ನ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲೇ ತಡೆದಿದೆ. ಅಧ್ಯಯನದ ಹೊರಗೆ ಮಾಡುವ ಹಾಗಿಲ್ಲ. ಯಾರಾದರೂ ಇದನ್ನ ಬರೆದುಕೊಟ್ಟರೆ ಆ ಚೀಟಿ ತಗೊಂಡು ಬೇರೆ ಡಾಕ್ಟರನ್ನ ನೋಡಿ. ಆಶ್ಲೇಷಾ ಬಲಿಗೆ ಕುಕ್ಕೆಗೆ ಹೋಗಿ ಮನಸ್ಸಿಗೆ ಸಮಾಧಾನ ಸಿಗುತ್ತೆ ಅಂದ್ರೆ ಖಂಡಿತ ಹೋಗಿ, ಆದರೆ ಅದಕ್ಕೋಸ್ಕರ ಪರೀಕ್ಷೆ ಮುಂದೂಡಬೇಡಿ.

ಎಲ್ಲಾ ಮಾಡಿಸಿದ ಮೇಲೂ ಸುಮಾರು ಅರ್ಧದಷ್ಟು ಜನಕ್ಕೆ ಕಾರಣ ಸಿಗಲ್ಲ. ಇದನ್ನ ಕೇಳೋದು ತುಂಬಾ ಕಷ್ಟ. ಆದರೆ ರಿಪೋರ್ಟ್ ನಾರ್ಮಲ್ ಇದ್ದಷ್ಟೂ ಮುಂದಿನ ಗರ್ಭ ಉಳಿಯೋ ಸಾಧ್ಯತೆ ಹೆಚ್ಚು. 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಲೆಕ್ಕದ ಪ್ರಕಾರ, ಮೂರು ಅಥವಾ ಹೆಚ್ಚು ಗರ್ಭಪಾತ ಆದವರಲ್ಲಿ ಮುಂದಿನದೂ ಹೋಗೋ ಸಂಭವ ಸುಮಾರು 42%. ಅಂದ್ರೆ ಅರ್ಧಕ್ಕಿಂತ ಹೆಚ್ಚು ಮಂದಿಯ ಗರ್ಭ ಉಳಿಯುತ್ತೆ. ಮುಂದಿನ ಸಲ ಆರು-ಏಳನೇ ವಾರಕ್ಕೆ ಮೊದಲ ಸ್ಕ್ಯಾನ್, ಆಮೇಲೆ ವಾರಕ್ಕೋ ಹದಿನೈದು ದಿನಕ್ಕೋ ಒಂದು ಅಂತ ಮೊದಲೇ ಮಾತಾಡಿಕೊಳ್ಳಿ. ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ಈಗಿನಿಂದಲೇ ತಗೊಳ್ಳಿ. ಹಾಸಿಗೆ ಬಿಟ್ಟು ಏಳಬೇಡ ಅನ್ನೋ ಸಲಹೆಯಿಂದ ಗರ್ಭ ಉಳಿಯಲ್ಲ.

ಗಂಟೆಗೆ ಎರಡು ಪ್ಯಾಡ್ ನೆನೆಯುವಷ್ಟು ರಕ್ತ, ಜ್ವರ, ದುರ್ವಾಸನೆ, ತಲೆಸುತ್ತು, ಒಂದೇ ಕಡೆ ತೀವ್ರ ಹೊಟ್ಟೆನೋವು ಇದ್ದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ನಿಮ್ಮ ರಕ್ತದ ಗುಂಪು ನೆಗೆಟಿವ್ ಇದ್ದರೆ ಆಂಟಿ-ಡಿ ಇಂಜೆಕ್ಷನ್ ಬೇಕಾ ಅಂತ 72 ಗಂಟೆಯೊಳಗೆ ಕೇಳಿ.

ಕೊನೆಯದಾಗಿ ಮನಸ್ಸಿನ ವಿಷಯ. 2020ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಮೊದಲ ತಿಂಗಳುಗಳಲ್ಲೇ ಗರ್ಭ ಕಳೆದುಕೊಂಡವರಲ್ಲಿ 29% ಜನಕ್ಕೆ ತಿಂಗಳ ನಂತರ, 18% ಜನಕ್ಕೆ ಒಂಬತ್ತು ತಿಂಗಳ ನಂತರವೂ ಆಘಾತದ ಲಕ್ಷಣ ಇತ್ತು: ಅದೇ ದೃಶ್ಯ ಮತ್ತೆ ಮತ್ತೆ ಬರೋದು, ನಿದ್ದೆ ಬಾರದಿರೋದು, ಆಸ್ಪತ್ರೆ ಕಂಡರೆ ಎದೆ ಬಡಿತ ಹೆಚ್ಚೋದು. ನಾದಿನಿಯ ಸೀಮಂತಕ್ಕೆ ಹೋಗೋಕೆ ಆಗಲ್ಲ ಅನಿಸಿದರೆ ಹೋಗಬೇಡಿ. ಆ ಮಾತನ್ನ ಅತ್ತೆ ಮಾವನಿಗೆ ಗಂಡನೇ ಹೇಳಲಿ. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಗಂಡಂದಿರೂ ಕರೆ ಮಾಡಬಹುದು.

ಕೆಲಸಕ್ಕೆ ಹೋಗೋರಿಗೆ ಆರು ವಾರ ಸಂಬಳ ಸಹಿತ ರಜೆ ಹಕ್ಕಾಗಿ ಸಿಗುತ್ತೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದಲೇ ಇದು ಬಂದಿದೆ; ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಇಎಸ್‌ಐ ಇದ್ದವರಿಗೆ 42 ದಿನದ ಭತ್ಯೆ. ಎರಡಕ್ಕೂ ಡಾಕ್ಟರ್ ಸರ್ಟಿಫಿಕೇಟ್ ಬೇಕು, ಹಾಗಾಗಿ ಡಿಸ್ಚಾರ್ಜ್ ದಿನವೇ ಗರ್ಭಪಾತ ಆದ ತಾರೀಖು, ಎಷ್ಟನೇ ವಾರ ಅನ್ನೋದನ್ನ ಸ್ಪಷ್ಟವಾಗಿ ಬರೆಸಿಕೊಳ್ಳಿ. ಮುಂದಿನ ಡಾಕ್ಟರ್ ಕೇಳೋದೂ ಇವೇ ಎರಡು ವಿವರ.